ಲಿನಕ್ಸ್‌ಗೆ ಬದಲಾಗುವ ಮುನ್ನ ಗ್ರಾಫಿಕ್ಸ್ ಕಾರ್ಡ್ ನೋಡಿಕೊಳ್ಳುವ ಕ್ರಮ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಅಥವಾ ಅದರ ಮುಂದಿನ ಪ್ರೊಸೆಸರನ್ನೂ ಕೇಳುತ್ತದೆ. ಹೀಗಾಗಿ ತುಮಕೂರಿನ ಬಿ.ಎಚ್. ರಸ್ತೆಯ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಲ್ಲಿ, ಗುಬ್ಬಿ, ತಿಪಟೂರು, ಮಧುಗಿರಿಗಳ ಕಾಲೇಜು ಲ್ಯಾಬ್‌ಗಳಲ್ಲಿ, ಮಕ್ಕಳ ಓದಿಗೆಂದು ಕೊಂಡ ಮನೆಯ ಕಂಪ್ಯೂಟರ್‌ಗಳಲ್ಲಿ ಒಂದೇ ಪ್ರಶ್ನೆ ಎದ್ದಿದೆ: ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಕೊಡುವುದೋ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಹಾಕಿ ಮುಂದುವರಿಸುವುದೋ? ಮುಂದುವರಿಸಿ ಎಂಬುದೇ ನನ್ನ ಸಲಹೆ. ಆದರೆ ಹಾಗೆ ಮಾಡುವವರು ಎಡವುವ ಜಾಗ ಹೆಚ್ಚಾಗಿ ಒಂದೇ, ಅದು ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್. ಪರದೆ ಕಪ್ಪಾಗಿ ನಿಂತಾಗ ಬೇಸತ್ತು ಲಿನಕ್ಸ್ ಸಹವಾಸವೇ ಬೇಡವೆಂದು ಬಿಟ್ಟುಬಿಡುತ್ತಾರೆ. ಒಂದು ಸಂಜೆಯ ಪೂರ್ವತಯಾರಿಯಿಂದ ಇದನ್ನು ತಪ್ಪಿಸಬಹುದು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಲಿನಕ್ಸ್‌ನಲ್ಲಿ ಕಾರ್ಡ್ ಹೊಂದುತ್ತದೆಯೇ ಎಂಬುದನ್ನು ಅದರ ಬೆಲೆಯಾಗಲಿ, ಡಬ್ಬಿಯ ಮೇಲೆ ಬರೆದಿರುವ ಮೆಮೊರಿಯಾಗಲಿ ನಿರ್ಧರಿಸುವುದಿಲ್ಲ. ಒಳಗಿರುವ ಚಿಪ್ ಯಾವ ತಲೆಮಾರಿನದು ಎಂಬುದು ನಿರ್ಧರಿಸುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಹಳೆಯ ಕಾರ್ಡ್ ತೊಂದರೆ ಕೊಡುವಾಗ, ಪ್ರೊಸೆಸರ್ ಜೊತೆಗೇ ಬಂದ ಇಂಟೆಲ್ ಗ್ರಾಫಿಕ್ಸ್ ಯಾವ ತಕರಾರೂ ಇಲ್ಲದೆ ನಡೆಯುವುದು ಇಲ್ಲಿ ಸಾಮಾನ್ಯ ಸಂಗತಿ.

ಮೊದಲ ಹಂತ: ವಿಂಡೋಸ್ ಇರುವಾಗಲೇ ಕಾರ್ಡ್ ಗುರುತಿಸಿ

ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ; ಅಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬುದರ ಕೆಳಗೆ ಕಾಣುವ ಹೆಸರನ್ನು ಅಂಕಿಗಳ ಸಮೇತ ಕಾಗದದಲ್ಲಿ ಬರೆದುಕೊಳ್ಳಿ. ಎರಡು ಹೆಸರುಗಳಿದ್ದರೆ ಎರಡನ್ನೂ ಬರೆಯಿರಿ. ಕಾರ್ಡಿನ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ವಿಂಡೋಸ್‌ಗೂ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಸಿಕ್ಕಿಲ್ಲ ಎಂದರ್ಥ. ಆಗ ಅದರ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಭಾಗದಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ವೆನ್ ಎಂಬುದರ ಮುಂದೆ 8086 ಎಂದಿದ್ದರೆ ಇಂಟೆಲ್, 1002 ಎಂದಿದ್ದರೆ ಎಎಂಡಿ, 10ಡಿಇ ಎಂದಿದ್ದರೆ ಎನ್‌ವಿಡಿಯಾ.

ಇದೇ ಹೊತ್ತಿನಲ್ಲಿ ಪ್ರೊಸೆಸರ್‌ನ ಪೂರ್ಣ ಹೆಸರನ್ನೂ ಬರೆದಿಟ್ಟುಕೊಳ್ಳಿ. ಇಂಟೆಲ್ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ, ಉದಾಹರಣೆಗೆ ಐ3 10100ಎಫ್, ಐ5 10400ಎಫ್, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಎಎಂಡಿಯ ರೈಜೆನ್ 7000 ಸರಣಿಗಿಂತ ಹಿಂದಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಸರಿನ ಕೊನೆಗೆ ಜಿ ಇದ್ದವುಗಳಿಗೆ ಮಾತ್ರ ಒಳಗಿನ ಗ್ರಾಫಿಕ್ಸ್ ಇರುತ್ತದೆ. ಕಾರ್ಡ್ ತೆಗೆದುಹಾಕುವ ದಾರಿ ನಿಮಗೆ ಇದೆಯೋ ಇಲ್ಲವೋ ಎಂಬುದು ಈ ಒಂದು ಅಕ್ಷರದಿಂದ ಗೊತ್ತಾಗುತ್ತದೆ.

ಇಂಟೆಲ್ ಆಗಿದ್ದರೆ

ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಇಂಟೆಲ್‌ನ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಬರುತ್ತದೆ. ನೀವು ಏನನ್ನೂ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗಿಲ್ಲ. 2011ರ ಎರಡನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಂದ ಈಚಿನ ಯಂತ್ರಗಳೆಲ್ಲ ಕಚೇರಿ ಕೆಲಸ, ಬ್ರೌಸರ್, ವಿಡಿಯೊ ನೋಡುವುದು ಇವುಗಳಿಗೆ ಧಾರಾಳವಾಗಿ ಸಾಕು. ನಮ್ಮ ಜಿಲ್ಲೆಯ ಕಚೇರಿ, ಶಾಲೆ, ಲ್ಯಾಬ್‌ಗಳಲ್ಲಿರುವ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಬಹಳಷ್ಟು ಇದೇ ಗುಂಪಿಗೆ ಸೇರುತ್ತವೆ. ಎರಡು ಎಚ್ಚರಿಕೆಗಳು ಮಾತ್ರ: ಆಟಗಳಿಗೆ ಬೇಕಾಗುವ ವಲ್ಕನ್ ಸೌಲಭ್ಯ ನಾಲ್ಕನೇ ತಲೆಮಾರಿನವರೆಗೂ ಅಪೂರ್ಣವಾಗಿದೆ, ಪ್ರತ್ಯೇಕವಾಗಿ ಮಾರುವ ಆರ್ಕ್ ಕಾರ್ಡ್‌ಗಳಿಗೆ ಕನಿಷ್ಠ 6.2 ಕರ್ನಲ್ ಇರಬೇಕು.

ಎಎಂಡಿ ಆಗಿದ್ದರೆ

ಎಎಂಡಿಯೂ ಇಂದು ನೆಮ್ಮದಿಯ ಆಯ್ಕೆಯೇ. 2015ರಲ್ಲಿ 4.2 ಕರ್ನಲ್‌ನೊಂದಿಗೆ ಬಂದ ಎಎಂಡಿಜಿಪಿಯು ಎಂಬ ಮುಕ್ತ ಡ್ರೈವರ್ ಮತ್ತು ಅದರ ಮೇಲೆ ಕೆಲಸ ಮಾಡುವ ಮೆಸಾ ಎಂಬ ತಂತ್ರಾಂಶಗಳ ಗುಂಪು ಸೇರಿ ಆರ್‌ಎಕ್ಸ್ 550, 560, 570, 580ರಂಥ ಕಾರ್ಡ್‌ಗಳನ್ನು ಯಾವ ಕೈಚಳಕವೂ ಇಲ್ಲದೆ ಪೂರ್ಣ ವೇಗದಲ್ಲಿ ನಡೆಸುತ್ತವೆ. ಎಎಂಡಿಯ ಜಾಲತಾಣದಿಂದ ಪ್ರತ್ಯೇಕ ಡ್ರೈವರ್ ಇಳಿಸಿಕೊಳ್ಳುವ ಅಭ್ಯಾಸ ವಿಂಡೋಸ್‌ನಿಂದ ಬಂದವರಿಗೆ ಇರುತ್ತದೆ. ಸಾಮಾನ್ಯ ಬಳಕೆಗೆ ಅದು ಬೇಡ, ಅದರಿಂದ ಕೆಡುವುದೇ ಹೆಚ್ಚು.

ಹಳೆಯ ಎಎಂಡಿಗಳಲ್ಲಿ ಎರಡು ಬಗೆ ಇವೆ. ಎಚ್‌ಡಿ 6450, ಆರ್5 230 ಮುಂತಾದವು ಟೆರಾಸ್ಕೇಲ್ ಎಂಬ ಹಳೆಯ ವಿನ್ಯಾಸದವು. ರೇಡಿಯಾನ್ ಎಂಬ ಹಳೆಯ ಡ್ರೈವರ್ ಇವನ್ನು ನಡೆಸುತ್ತದೆ, ಪರದೆ ಚೆನ್ನಾಗಿಯೇ ಬರುತ್ತದೆ, ಆದರೆ ವಲ್ಕನ್ ಇಲ್ಲ. ಎಚ್‌ಡಿ 7000 ಸರಣಿಯ ಬಹುಪಾಲು ಕಾರ್ಡ್‌ಗಳು, ಆರ್7 240, ಲ್ಯಾಪ್‌ಟಾಪ್‌ಗಳ ಆರ್5 ಎಂ330 ಇವು ಅದರ ಮುಂದಿನ ವಿನ್ಯಾಸದವು. ಬಹಳ ಕಾಲ ಇವನ್ನೂ ವಿತರಣೆಗಳು (ಉಬುಂಟು, ಮಿಂಟ್‌ನಂಥ ಲಿನಕ್ಸ್‌ನ ಸಿದ್ಧ ರೂಪಗಳು) ರೇಡಿಯಾನ್ ಡ್ರೈವರ್‌ನಿಂದಲೇ ನಡೆಸುತ್ತಿದ್ದವು. ಬೂಟ್, ಅಂದರೆ ಯಂತ್ರ ಶುರುವಾಗುವ ಹೊತ್ತಿನ ಸೂಚನೆಯಲ್ಲಿ ಹೊಸ ಡ್ರೈವರ್‌ಗೆ ಬದಲಿಸಿದರೆ ವಲ್ಕನ್ ಸಿಗುತ್ತದೆ. ಬಿಲ್ಲು ಹೊಡೆಯುವ, ಪಾಠ ನೋಡುವ ಯಂತ್ರಕ್ಕೆ ಆ ಬದಲಾವಣೆಯ ಅಗತ್ಯವಿಲ್ಲ.

ತೀರಾ ಹೊಸ ಕಾರ್ಡ್‌ಗಳಿಗೆ ತದ್ವಿರುದ್ಧವಾದ ಸಮಸ್ಯೆ. 2025ರ ಮಾರ್ಚ್‌ನಲ್ಲಿ ಬಂದ ಆರ್‌ಎಕ್ಸ್ 9000 ಸರಣಿಯನ್ನು ಹಳೆಯ ಕರ್ನಲ್ ಮತ್ತು ಮೆಸಾ ಸರಿಯಾಗಿ ಗುರುತಿಸಲಾರವು. ಉಬುಂಟು 24.04ರ ಮೊದಲ ಪ್ರತಿಯಲ್ಲಿದ್ದುದು 6.8 ಕರ್ನಲ್, 24.04.3 ಪ್ರತಿಯಲ್ಲಿ ಮತ್ತು ಲಿನಕ್ಸ್ ಮಿಂಟ್ 22.2ರಲ್ಲಿ 6.14 ಇದೆ. ಆದ್ದರಿಂದ ಸ್ನೇಹಿತರ ಬಳಿ ಎಂದೋ ಮಾಡಿಟ್ಟ ಲಿನಕ್ಸ್ ಪೆನ್‌ಡ್ರೈವ್ ತರುವ ಬದಲು ಹೊಸ ಪ್ರತಿಯನ್ನೇ ಇಳಿಸಿಕೊಳ್ಳಿ.

ಎನ್‌ವಿಡಿಯಾ ಆಗಿದ್ದರೆ ನಿಧಾನವಾಗಿ ಓದಿ

ಎನ್‌ವಿಡಿಯಾಕ್ಕೆ ಎರಡು ಡ್ರೈವರ್‌ಗಳಿವೆ. ಒಂದು, ಕರ್ನಲ್‌ನಲ್ಲೇ ಇರುವ ನೂವೋ; ಕಂಪನಿ ಮಾಹಿತಿ ಕೊಡದಿದ್ದ ಕಾಲದಲ್ಲಿ ಸ್ವಯಂಸೇವಕರು ಕಾರ್ಡಿನ ವರ್ತನೆಯನ್ನು ಗಮನಿಸಿ ಗಮನಿಸಿ ಬರೆದದ್ದು. ಇನ್ನೊಂದು, ಕಂಪನಿಯೇ ಕೊಡುವ ಡ್ರೈವರ್. ಜಿಟಿಎಕ್ಸ್ 900 ಸರಣಿಯಿಂದ ಮುಂದೆ ಕಂಪನಿ ತನ್ನ ಸಹಿ ಇರುವ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ತಂತ್ರಾಂಶ) ಇಲ್ಲದೆ ಚಿಪ್‌ನ ವೇಗ ಏರಿಸಲು ಬಿಡಲಿಲ್ಲ; ಆ ಫರ್ಮ್‌ವೇರನ್ನು ನೂವೋಗೆ ಬೇಕಾದ ರೀತಿಯಲ್ಲಿ ಕೊಡಲೂ ಇಲ್ಲ. ಹಾಗಾಗಿ 900 ಮತ್ತು 1000 ಸರಣಿಯ ಕಾರ್ಡ್‌ಗಳು ನೂವೋದಲ್ಲಿ ಬೂಟ್ ಆಗುವಾಗಿನ ಕಡಿಮೆ ವೇಗದಲ್ಲೇ ಉಳಿದುಬಿಡುತ್ತವೆ. ಈ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ತೆವಳುತ್ತವೆ ಎಂಬ ದೂರಿಗೆ ಇದೇ ಮೂಲ ಕಾರಣ. ತಪ್ಪು ಲಿನಕ್ಸ್‌ನದೂ ಅಲ್ಲ, ನೂವೋ ಬರೆದವರದೂ ಅಲ್ಲ. 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಡ್ರೈವರ್‌ನ ಕರ್ನಲ್ ಭಾಗವನ್ನು ಮುಕ್ತಗೊಳಿಸಿತು, ಆದರೆ ಅದು ಟ್ಯೂರಿಂಗ್ ಮತ್ತು ನಂತರದ ತಲೆಮಾರುಗಳಿಗೆ ಮಾತ್ರ.

ಈಗ ನಿಮ್ಮ ಚಿಪ್‌ನ ತಲೆಮಾರು ತಿಳಿಯುವ ಬಗೆ. ಎರಡನೇ ಹಂತದಲ್ಲಿ ಹೇಳಿರುವ ಪೆನ್‌ಡ್ರೈವ್‌ನಿಂದ ಲಿನಕ್ಸ್‌ಗೆ ಬಂದ ಮೇಲೆ, ಆದೇಶ ಬರೆಯುವ ಟರ್ಮಿನಲ್ ತೆರೆದು, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಎಲ್, ಎಸ್, ಪಿ, ಸಿ, ಐ ಎಂಬ ಐದು ಅಕ್ಷರಗಳನ್ನು ಕೂಡಿಸಿ ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ ಕೆ ಅಕ್ಷರ ಬರೆದು ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ವಿಜಿಎ ಅಥವಾ 3ಡಿ ಕಂಟ್ರೋಲರ್ ಎಂಬ ಸಾಲನ್ನು ಹುಡುಕಿದರೆ, ಕಾರ್ಡಿನ ಮಾರುಕಟ್ಟೆ ಹೆಸರಿನ ಹಿಂದೆ ಚಿಪ್‌ನ ಗುರುತು ಕಾಣುತ್ತದೆ. ಜಿಎಫ್‌ನಿಂದ ಶುರುವಾದರೆ ಫರ್ಮಿ, ಜಿಕೆ ಆದರೆ ಕೆಪ್ಲರ್, ಜಿಎಂ ಆದರೆ ಮ್ಯಾಕ್ಸ್‌ವೆಲ್, ಜಿಪಿ ಆದರೆ ಪ್ಯಾಸ್ಕಲ್, ಟಿಯು ಆದರೆ ಟ್ಯೂರಿಂಗ್, ಜಿಎ ಆದರೆ ಆಂಪಿಯರ್, ಎಡಿ ಆದರೆ ಏಡಾ, ಜಿಬಿ ಆದರೆ ಬ್ಲ್ಯಾಕ್‌ವೆಲ್. ಮಾರುಕಟ್ಟೆ ಹೆಸರನ್ನು ನಂಬದೆ ಈ ಗುರುತನ್ನೇ ನೋಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಅಗ್ಗವೆಂದು ಎಲ್ಲೆಡೆ ಮಾರಾಟವಾದ ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಫರ್ಮಿ ಚಿಪ್ಪೂ ಇದೆ, ಕೆಪ್ಲರ್ ಚಿಪ್ಪೂ ಇದೆ. ಜಿಟಿಎಕ್ಸ್ 700 ಸರಣಿಯಲ್ಲಿ ಬಹುತೇಕ ಕೆಪ್ಲರ್ ಆದರೆ 750 ಮತ್ತು 750 ಟಿಐ ಮ್ಯಾಕ್ಸ್‌ವೆಲ್. ಹಳೆಯ ಫರ್ಮಿ ಚಿಪ್‌ಗೆ ಬೇರೆ ಬಯಾಸ್ (ಕಾರ್ಡ್ ತನ್ನ ಹೆಸರು ಹೇಳಿಕೊಳ್ಳುವ ಒಳತಂತ್ರಾಂಶ) ತುಂಬಿ ಜಿಟಿಎಕ್ಸ್ 1050 ಟಿಐ ಎಂದು ಮಾರುವ ನಕಲಿ ಕಾರ್ಡ್‌ಗಳೂ ಮಾರುಕಟ್ಟೆಯಲ್ಲಿವೆ.

ಟ್ಯೂರಿಂಗ್ ಅಥವಾ ಮುಂದಿನದಾದರೆ, ಅಂದರೆ ಜಿಟಿಎಕ್ಸ್ 1650, 1660, ಎಂಎಕ್ಸ್450 ಮತ್ತು ಆರ್‌ಟಿಎಕ್ಸ್ ಹೆಸರಿನ ಎಲ್ಲವೂ, ವಿತರಣೆಯೇ ಸೂಚಿಸುವ ಹೊಸ ಡ್ರೈವರ್ ಹಾಕಿಕೊಳ್ಳಿ. ಆರ್‌ಟಿಎಕ್ಸ್ 50 ಸರಣಿಯವರು ಡ್ರೈವರ್ ಹೆಸರಿನಲ್ಲಿ ಓಪನ್ ಎಂದಿರುವುದನ್ನೇ ಆರಿಸಬೇಕು. ಆ ಚಿಪ್ ಮುಚ್ಚಿದ ಕರ್ನಲ್ ಭಾಗದೊಂದಿಗೆ ಕೆಲಸ ಮಾಡುವುದಿಲ್ಲ.

ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್, ಅಂದರೆ 750 ಟಿಐ, 900 ಸರಣಿ, ಜಿಟಿ 1030, 1050 ಟಿಐ, ಲ್ಯಾಪ್‌ಟಾಪ್‌ಗಳ 940ಎಂಎಕ್ಸ್, ಎಂಎಕ್ಸ್130, ಎಂಎಕ್ಸ್150, ಎಂಎಕ್ಸ್250 ಇವುಗಳಿಗೆ 580 ಸರಣಿಯ ಡ್ರೈವರೇ ಕೊನೆಯದು. ಅದಕ್ಕೆ ಭದ್ರತಾ ತಿದ್ದುಪಡಿಗಳು ಇನ್ನೂ ಕೆಲವು ವರ್ಷ ಬರುತ್ತವೆ, ಹಾಗಾಗಿ ಗಾಬರಿ ಬೇಡ. ಆದರೆ ಪ್ರತಿ ಬಾರಿ ಹೊಸದನ್ನೇ ತಂದು ಕೂರಿಸುವ ಆರ್ಚ್‌ನಂಥ ವಿತರಣೆಗಳನ್ನು ಈ ಕಾರ್ಡ್ ಇರುವವರು ಬಿಟ್ಟು, ಮಿಂಟ್ ಅಥವಾ ಉಬುಂಟುವಿನ ದೀರ್ಘಕಾಲ ಬೆಂಬಲವಿರುವ ಎಲ್‌ಟಿಎಸ್ ಆವೃತ್ತಿಯಲ್ಲೇ ಇರುವುದು ಒಳ್ಳೆಯದು.

ಕೆಪ್ಲರ್‌ಗೆ, ಅಂದರೆ ಜಿಟಿ 710, ಜಿಟಿಎಕ್ಸ್ 650, 760 ಮುಂತಾದವಕ್ಕೆ 470 ಸರಣಿ. ಅದರ ಬೆಂಬಲ 2024ರಲ್ಲಿ ಮುಗಿದಿದೆ. ಅದು ವಲ್ಕನ್ 1.2ರವರೆಗೆ ಮಾತ್ರ ಹೋಗುವುದರಿಂದ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ತಂತ್ರಾಂಶದ, 1.3 ಕೇಳುವ ಇಂದಿನ ಆವೃತ್ತಿಗಳಲ್ಲಿ ಆಟಗಳು ಓಡುವುದು ಕಷ್ಟ. ಫರ್ಮಿಗೆ 390 ಸರಣಿ. ಅದು 2022ರ ಕೊನೆಗೆ ನಿಂತಿತು, ಇಂದಿನ ಬಹುತೇಕ ವಿತರಣೆಗಳು ಅದನ್ನು ಕೈಬಿಟ್ಟಿವೆ. ಜಿಫೋರ್ಸ್ 210ರಂಥ ಇನ್ನೂ ಹಳೆಯವಕ್ಕೆ ಇದ್ದ 340 ಸರಣಿ 2019ಕ್ಕೇ ಮುಗಿಯಿತು.

ಈ ಮೂರು ಹಳೆಯ ಗುಂಪಿನವರಿಗೆ ನನ್ನ ಸಲಹೆ ನೇರವಾದದ್ದು: ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇದ್ದರೆ ಕಾರ್ಡ್ ಬಿಚ್ಚಿ ತೆಗೆಯಿರಿ. ಮೊದಲು ಯಂತ್ರದ ಬಯಾಸ್ ಸೆಟ್ಟಿಂಗ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಎನೇಬಲ್ ಅಥವಾ ಆಟೊ ಇರುವುದನ್ನು ಖಚಿತಪಡಿಸಿಕೊಂಡು, ಯಂತ್ರ ಆರಿಸಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಆಮೇಲೆ ಕಾರ್ಡ್ ತೆಗೆದು, ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿನ ಹಿಂಭಾಗದ ವಿಜಿಎ ಅಥವಾ ಎಚ್‌ಡಿಎಂಐ ಕಿಂಡಿಗೆ ಹಾಕಿ. ಒಳಗಿನ ಗ್ರಾಫಿಕ್ಸ್ ಮುಖ್ಯ ರ‍್ಯಾಮ್‌ನಿಂದಲೇ ಪಾಲು ತೆಗೆದುಕೊಳ್ಳುವುದರಿಂದ 4 ಜಿಬಿ ಇರುವ ಯಂತ್ರಕ್ಕೆ ಇನ್ನೊಂದು 4 ಜಿಬಿ ಸೇರಿಸಿ. ಒಳಗಿನ ಗ್ರಾಫಿಕ್ಸ್ ಇಲ್ಲದಿದ್ದರೆ ನೂವೋದಲ್ಲೇ ಉಳಿಯಿರಿ; ಅಕ್ಷರಜೋಡಣೆಗೆ, ಬ್ರೌಸರ್‌ಗೆ ಅದು ಸಾಕಾಗುತ್ತದೆ.

ಎರಡನೇ ಹಂತ: ಪೆನ್‌ಡ್ರೈವ್‌ನಿಂದ ಪರೀಕ್ಷೆ

ಮೊದಲ ಬಾರಿ ಬರುವವರಿಗೆ ನಾನು ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿಯನ್ನು ಸೂಚಿಸುತ್ತೇನೆ. ಮಿಂಟ್ 22 ಸರಣಿಗೆ 2029ರವರೆಗೆ ಬೆಂಬಲವಿದೆ. ಅದು ಈಗಲೂ ಹಳೆಯ ಎಕ್ಸ್ ಪ್ರದರ್ಶನ ವ್ಯವಸ್ಥೆಯನ್ನೇ ಮೊದಲ ಆಯ್ಕೆಯಾಗಿ ಬಳಸುವುದರಿಂದ, ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯೊಂದಿಗೆ ಹಳೆಯ ಎನ್‌ವಿಡಿಯಾ ಡ್ರೈವರ್‌ಗಳು ಮಾಡುವ ಕಿರಿಕಿರಿ ಇರುವುದಿಲ್ಲ. 8 ಜಿಬಿ ಪೆನ್‌ಡ್ರೈವ್ ಸಾಕು. ವಿಂಡೋಸ್‌ನಲ್ಲಿ ರೂಫಸ್ ತಂತ್ರಾಂಶ ಬಳಸಿ ಅದಕ್ಕೆ ಬರೆಯಬಹುದು. ಪೆನ್‌ಡ್ರೈವ್‌ನಲ್ಲಿದ್ದ ಕಡತಗಳೆಲ್ಲ ಅಳಿಸಿಹೋಗುತ್ತವೆ ಎಂಬುದು ನೆನಪಿರಲಿ.

ಪೆನ್‌ಡ್ರೈವ್ ಹಾಕಿ, ಯಂತ್ರ ಶುರುವಾಗುವಾಗ ಎಫ್12, ಎಫ್9, ಎಸ್ಕೇಪ್ ಅಥವಾ ನಿಮ್ಮ ಯಂತ್ರದಲ್ಲಿ ಬೂಟ್ ಮೆನು ತೆರೆಯುವ ಕೀಲಿ ಒತ್ತಿ. ಡಿಸ್ಕ್ ಮುಟ್ಟದೆಯೇ ಪೂರ್ಣ ಲಿನಕ್ಸ್ ಪರದೆಗೆ ಬರುತ್ತದೆ. ಅಲ್ಲಿ ಐದು ನಿಮಿಷ ಆಚೀಚೆ ಕ್ಲಿಕ್ ಮಾಡಿ ತೃಪ್ತರಾಗಬೇಡಿ. ದಿನನಿತ್ಯ ಮಾಡುವ ಕೆಲಸವನ್ನೇ ಮಾಡಿ ನೋಡಿ. ಮಾನಿಟರ್‌ನ ಪೂರ್ಣ ಅಳತೆ ಬಂದಿದೆಯೇ, ಪೂರ್ಣಪರದೆಯಲ್ಲಿ ವಿಡಿಯೊ ನಿಲ್ಲದೆ ಓಡುತ್ತದೆಯೇ, ಲ್ಯಾಪ್‌ಟಾಪ್ ಆದರೆ ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿಗಳು ಕೆಲಸ ಮಾಡುತ್ತವೆಯೇ, ಮುಚ್ಚಳ ಮುಚ್ಚಿ ತೆರೆದಾಗ ಪರದೆ ಮರಳಿ ಬರುತ್ತದೆಯೇ, ಎಚ್‌ಡಿಎಂಐಗೆ ಟಿವಿ ಅಥವಾ ಪ್ರೊಜೆಕ್ಟರ್ ಹಾಕಿದರೆ ಕಾಣುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ಲ್ಯಾಬ್‌ನಲ್ಲಿ ಒಂದೇ ಬಗೆಯ ಹಲವು ಯಂತ್ರಗಳಿದ್ದರೂ, ನಡುವೆ ಯಾವುದಾದರೂ ಒಂದಕ್ಕೆ ಬೇರೆ ಕಾರ್ಡ್ ಹಾಕಿಸಿರಬಹುದು; ಎಲ್ಲವನ್ನೂ ಒಮ್ಮೆ ಬೂಟ್ ಮಾಡಿ ನೋಡಿ.

ಈ ಪರೀಕ್ಷೆಯ ಫಲವನ್ನು ಅರ್ಥೈಸುವಾಗ ಒಂದು ವ್ಯತ್ಯಾಸ ಗಮನದಲ್ಲಿರಬೇಕು. ಇಂಟೆಲ್ ಮತ್ತು ಎಎಂಡಿಯಲ್ಲಿ ಪೆನ್‌ಡ್ರೈವ್‌ನಲ್ಲಿ ಕಂಡದ್ದೇ ಮುಂದೆಯೂ ಸಿಗುತ್ತದೆ. ಎನ್‌ವಿಡಿಯಾದಲ್ಲಿ ಪೆನ್‌ಡ್ರೈವ್ ಸಾಮಾನ್ಯವಾಗಿ ನೂವೋ ಬಳಸುವುದರಿಂದ, ಅಲ್ಲಿ ನಿಧಾನವಾಗಿದ್ದರೆ ಅದು ಕೊನೆಯ ತೀರ್ಪಲ್ಲ. ಕಂಪನಿಯ ಡ್ರೈವರ್ ಹಾಕಿದ ಮೇಲೆ ಮಾತ್ರ ನಿಜವಾದ ವೇಗ ತಿಳಿಯುತ್ತದೆ. ಪೆನ್‌ಡ್ರೈವ್‌ನಲ್ಲೇ ಪರದೆ ಕಪ್ಪಾಗಿ ನಿಂತರೆ, ಮಿಂಟ್‌ನ ಬೂಟ್ ಪಟ್ಟಿಯಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಅನ್ನೂ, ಉಬುಂಟುವಿನಲ್ಲಿ ಸೇಫ್ ಗ್ರಾಫಿಕ್ಸ್ ಎಂಬ ಸಾಲನ್ನೂ ಆರಿಸಿ.

ನಿಮ್ಮ ಜೀವನೋಪಾಯದ ತಂತ್ರಾಂಶ ಯಾವುದು ಎಂಬುದನ್ನೂ ಈ ಹಂತದಲ್ಲೇ ನಿರ್ಧರಿಸಿಕೊಳ್ಳಿ. ಕೋರೆಲ್‌ಡ್ರಾ, ಫೋಟೊಶಾಪ್ ಬಿಟ್ಟು ಬೇರೆ ಒಗ್ಗದ ಫ್ಲೆಕ್ಸ್ ಅಂಗಡಿಯವರಿಗೆ ಯಾವ ಕಾರ್ಡೂ ಪರಿಹಾರವಲ್ಲ, ಅವಕ್ಕೆ ಲಿನಕ್ಸ್ ಆವೃತ್ತಿಯೇ ಇಲ್ಲ. ಮದುವೆ ವಿಡಿಯೊ ಮಾಡುವವರು ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಸಂಕಲನ ತಂತ್ರಾಂಶ ನೆಚ್ಚಿಕೊಂಡಿದ್ದರೆ, ಎನ್‌ವಿಡಿಯಾ ಕಾರ್ಡಿಗೆ ಕಂಪನಿಯ ಡ್ರೈವರ್ ಕಡ್ಡಾಯ. ಜೊತೆಗೆ ಲಿನಕ್ಸ್‌ನ ಉಚಿತ ಆವೃತ್ತಿಯಲ್ಲಿ ಕ್ಯಾಮೆರಾಗಳ ಎಚ್.264 ಬಗೆಯ ವಿಡಿಯೊ ಕಡತಗಳಿಗೆ ಮಿತಿಗಳಿರುವುದರಿಂದ ನಿಮ್ಮದೇ ಕ್ಯಾಮೆರಾದ ಕಡತ ಹಾಕಿ ನೋಡಿ. ಕೆಡೆನ್‌ಲೈವ್ ಎಂಬ ಇನ್ನೊಂದು ಸಂಕಲನ ತಂತ್ರಾಂಶಕ್ಕೆ ಈ ತೊಡಕಿಲ್ಲ.

ಮೂರನೇ ಹಂತ: ಡ್ರೈವರ್ ಹಾಕುವುದು

ಇನ್‌ಸ್ಟಾಲ್ ಮುಗಿದು ಮೊದಲ ಬಾರಿ ಒಳಬಂದ ತಕ್ಷಣ ಟೈಮ್‌ಶಿಫ್ಟ್ ಎಂಬ ತಂತ್ರಾಂಶ ತೆರೆದು ವ್ಯವಸ್ಥೆಯ ಒಂದು ಪ್ರತಿ ಉಳಿಸಿ. ಡ್ರೈವರ್ ಕೈಕೊಟ್ಟರೆ ಈ ಸ್ಥಿತಿಗೆ ಹಿಂದಿರುಗಲು ಇದು ಬೇಕು. ಮಿಂಟ್‌ನ ಪೆನ್‌ಡ್ರೈವ್‌ನಲ್ಲೂ ಟೈಮ್‌ಶಿಫ್ಟ್ ಇರುವುದರಿಂದ, ಯಂತ್ರ ಬೂಟ್ ಆಗದಿದ್ದರೂ ಅಲ್ಲಿಂದ ಮರಳಿಸಬಹುದು. ಆಮೇಲೆ ಅಪ್‌ಡೇಟ್ ಮ್ಯಾನೇಜರ್‌ನಿಂದ ಎಲ್ಲ ತಿದ್ದುಪಡಿಗಳನ್ನು ಹಾಕಿ, ಯಂತ್ರ ಮರುಚಾಲನೆ ಮಾಡಿ, ನಂತರ ಮಾತ್ರ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ರೆಕಮೆಂಡೆಡ್ ಎಂದು ಗುರುತಿಸಿದ ಡ್ರೈವರ್ ಆರಿಸಿದರೆ ಸಾಕು. ಉಬುಂಟುವಿನಲ್ಲಿ ಇನ್‌ಸ್ಟಾಲ್ ಮಾಡುವಾಗಲೇ ಥರ್ಡ್ ಪಾರ್ಟಿ ಸಾಫ್ಟ್‌ವೇರ್ ಎಂಬಲ್ಲಿ ಗುರುತು ಹಾಕಿದರೆ ಈ ಕೆಲಸ ಅಲ್ಲೇ ಮುಗಿಯುತ್ತದೆ.

ಎನ್‌ವಿಡಿಯಾ ಜಾಲತಾಣದಿಂದ ರನ್ ಕಡತ ಇಳಿಸಿ ಓಡಿಸುವುದನ್ನು ಮಾತ್ರ ಮಾಡಬೇಡಿ. ಅದು ವಿತರಣೆಯ ಪ್ಯಾಕೇಜ್ ವ್ಯವಸ್ಥೆಗೆ ತಿಳಿಯದಂತೆ ಕಡತಗಳನ್ನು ಕೂರಿಸುತ್ತದೆ. ಮುಂದಿನ ಕರ್ನಲ್ ತಿದ್ದುಪಡಿ ಬಂದಾಗ ಪರದೆ ಹೋಗುತ್ತದೆ, ಆಗ ಬಿಡಿಸುವುದು ಕಷ್ಟ.

ಡ್ರೈವರ್ ಕಡತಗಳು ನೂರಾರು ಎಂಬಿ ಇರುತ್ತವೆ. ಬ್ರಾಡ್‌ಬ್ಯಾಂಡ್ ಇಲ್ಲದ ಹಳ್ಳಿಗಳಲ್ಲಿ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಹಾಕಿದರೆ ಲಿನಕ್ಸ್ ತಾನಾಗಿ ಗುರುತಿಸುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕರೆಂಟ್ ಹೋಗುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಅರ್ಧಕ್ಕೆ ನಿಂತ ಡ್ರೈವರ್ ಮುಂದಿನ ಬೂಟ್‌ನಲ್ಲಿ ಖಾಲಿ ಪರದೆ ತೋರಿಸಬಹುದು.

ಸೆಕ್ಯೂರ್ ಬೂಟ್ ಎಂಬ ಬಾಗಿಲು

ಎನ್‌ವಿಡಿಯಾ ಡ್ರೈವರ್ ಹಾಕಿದರೂ ಕೆಲಸ ಮಾಡುತ್ತಿಲ್ಲ ಎಂಬ ಪ್ರಕರಣಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಯಂತ್ರದಲ್ಲಿ ಸೆಕ್ಯೂರ್ ಬೂಟ್, ಅಂದರೆ ಒಪ್ಪಿತ ಸಹಿ ಇಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವ ಭದ್ರತೆ, ಚಾಲೂ ಇದ್ದರೆ, ನಿಮ್ಮ ಯಂತ್ರದಲ್ಲೇ ಜೋಡಣೆಯಾದ ಡ್ರೈವರ್‌ಗೆ ನಿಮ್ಮದೇ ಕೀಲಿಯ ಸಹಿ ಬೇಕು. ಆ ಕೀಲಿಯನ್ನು ಯಂತ್ರ ಒಪ್ಪಿಕೊಳ್ಳುವಂತೆ ನೀವು ಒಮ್ಮೆ ಖುದ್ದಾಗಿ ದಾಖಲಿಸಬೇಕು. ಡ್ರೈವರ್ ಹಾಕುವಾಗ ಅಥವಾ ಇನ್‌ಸ್ಟಾಲ್ ಹೊತ್ತಿನಲ್ಲಿ ಒಂದು ಪಾಸ್‌ವರ್ಡ್ ಕೇಳುತ್ತದೆ. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಒಮ್ಮೆ ಮಾತ್ರ ಬಳಸುವಂಥದ್ದು, ಬರೆದಿಟ್ಟುಕೊಳ್ಳಿ. ಯಂತ್ರ ಮರುಚಾಲನೆಯಾದಾಗ ನೀಲಿ ಪರದೆ ಬಂದು ಯಾವುದಾದರೂ ಕೀಲಿ ಒತ್ತಿ ಎಂದು ಸುಮಾರು 10 ಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ ಕೀಲಿ ಒತ್ತಿ, ಎನ್‌ರೋಲ್ ಎಂಒಕೆ, ಕಂಟಿನ್ಯೂ, ಎಸ್ ಎಂದು ಕ್ರಮವಾಗಿ ಆರಿಸಿ, ಆ ಪಾಸ್‌ವರ್ಡ್ ಕೊಟ್ಟು, ರೀಬೂಟ್ ಮಾಡಿ.

ನೀಲಿ ಪರದೆ ಕಂಡು ಏನೋ ಕೆಟ್ಟಿತೆಂದು ಹೆದರಿ ಯಂತ್ರ ಆರಿಸಿದವರಿಗೆ, ಅಥವಾ ಆ ಹೊತ್ತಿನಲ್ಲಿ ಎದ್ದು ಹೋಗಿದ್ದವರಿಗೆ, ಡ್ರೈವರ್ ಡಿಸ್ಕ್‌ನಲ್ಲಿದ್ದರೂ ಕರ್ನಲ್ ಅದನ್ನು ಒಳಬಿಡುವುದಿಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದರೆ ಪಾಸ್‌ವರ್ಡ್ ಪ್ರಶ್ನೆ ಮರಳಿ ಬರುತ್ತದೆ. ಇಲ್ಲವೇ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಬಹುದು. ವಿಂಡೋಸನ್ನೂ ಜೊತೆಗಿಟ್ಟುಕೊಂಡವರು ಹಾಗೆ ಆಫ್ ಮಾಡುವ ಮುನ್ನ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಡಿ. ಸೆಕ್ಯೂರ್ ಬೂಟ್ ಬದಲಾದೊಡನೆ ವಿಂಡೋಸ್ ಆ 48 ಅಂಕಿಗಳ ಕೀಲಿಯನ್ನು ಕೇಳಬಹುದು.

ಪರದೆ ಕಪ್ಪಾದರೆ

ಯಂತ್ರ ಶುರುವಾಗುವಾಗ ಎಸ್ಕೇಪ್ ಒತ್ತಿ, ಹಳೆಯ ಬಯಾಸ್ ಆದರೆ ಶಿಫ್ಟ್ ಹಿಡಿದುಕೊಳ್ಳಿ. ಯಾವುದನ್ನು ಬೂಟ್ ಮಾಡಬೇಕೆಂದು ಕೇಳುವ ಗ್ರಬ್ ಪಟ್ಟಿ ಬರುತ್ತದೆ. ಮೊದಲ ಸಾಲಿನ ಮೇಲಿದ್ದು ಇ ಅಕ್ಷರ ಒತ್ತಿ. ಲಿನಕ್ಸ್ ಎಂಬ ಪದದಿಂದ ಶುರುವಾಗುವ ಸಾಲಿನ ಕೊನೆಗೆ ಹೋಗಿ, ಕ್ವೈಟ್ ಸ್ಪ್ಲ್ಯಾಶ್ ಎಂಬವುಗಳ ನಂತರ ಒಂದು ಜಾಗ ಬಿಟ್ಟು ನೋಮೋಡ್‌ಸೆಟ್ (nomodeset) ಎಂಬುದನ್ನು ಒಂದೇ ಪದವಾಗಿ ಇಂಗ್ಲಿಷ್‌ನಲ್ಲಿ ಬರೆದು ಎಫ್10 ಒತ್ತಿ. ಕರ್ನಲ್ ಗ್ರಾಫಿಕ್ಸ್ ಡ್ರೈವರನ್ನು ಮುಟ್ಟದೆ ಸರಳ ಪರದೆಯಲ್ಲಿ ಮೇಲೇಳುತ್ತದೆ. ಅಲ್ಲಿಂದ ಡ್ರೈವರ್ ಮ್ಯಾನೇಜರ್ ತೆರೆದು ಬೇರೆ ಆವೃತ್ತಿ ಹಾಕಿ, ಅಥವಾ ಟೈಮ್‌ಶಿಫ್ಟ್‌ನಿಂದ ಹಿಂದಿನ ಸ್ಥಿತಿಗೆ ಮರಳಿ.

ಈ ಸೂಚನೆ ಆ ಒಂದು ಬೂಟ್‌ಗೆ ಮಾತ್ರ ಅನ್ವಯ, ಹಾಗೆಯೇ ಇರಬೇಕು. ಇದನ್ನು ಶಾಶ್ವತವಾಗಿ ಸೇರಿಸಿಬಿಟ್ಟರೆ ಗ್ರಾಫಿಕ್ಸ್ ಕೆಲಸವನ್ನೆಲ್ಲ ಪ್ರೊಸೆಸರೇ ಮಾಡಬೇಕಾಗುತ್ತದೆ. ವಿಡಿಯೊ ತಡವರಿಸುತ್ತದೆ, ಫ್ಯಾನ್ ಜೋರಾಗುತ್ತದೆ. ಸಿಸ್ಟಂ ಮಾಹಿತಿಯಲ್ಲಿ ಕಾರ್ಡಿನ ಹೆಸರಿನ ಬದಲು ಎಲ್‌ಎಲ್‌ವಿಎಂಪೈಪ್ ಎಂದು ಕಂಡರೆ ಇದೇ ಸ್ಥಿತಿಯಲ್ಲಿದ್ದೀರಿ ಎಂದು ತಿಳಿಯಿರಿ.

ಡ್ರೈವರ್ ಹಾಕುವ ನಡುವೆ ಕರೆಂಟ್ ಹೋಗಿದ್ದರೆ, ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಅಕ್ಷರಪರದೆಗೆ ಹೋಗಿ ಲಾಗಿನ್ ಆಗಿ. ಸುಡೊ ಎಂದು ಬರೆದು, ಜಾಗ ಬಿಟ್ಟು ಡಿಪಿಕೆಜಿ, ಮತ್ತೆ ಜಾಗ ಬಿಟ್ಟು ಎರಡು ಅಡ್ಡಗೆರೆಗಳಿಗೆ ಅಂಟಿಸಿ ಕಾನ್ಫಿಗರ್, ಕೊನೆಗೆ ಜಾಗ ಬಿಟ್ಟು ಒಂದು ಅಡ್ಡಗೆರೆಯೊಂದಿಗೆ ಎ ಬರೆದು (sudo dpkg --configure -a) ಎಂಟರ್ ಒತ್ತಿದರೆ ಅರ್ಧಕ್ಕೆ ನಿಂತ ಕೆಲಸ ಮುಂದುವರಿಯುತ್ತದೆ.

ಎಲ್ಲ ಸರಿಯಾದ ಮೇಲೆ ಮೊದಲಿನ ಎಲ್‌ಎಸ್‌ಪಿಸಿಐ ಆದೇಶವನ್ನೇ ಮತ್ತೊಮ್ಮೆ ಕೊಡಿ. ಕರ್ನಲ್ ಡ್ರೈವರ್ ಇನ್ ಯೂಸ್ ಎಂಬ ಸಾಲಿನ ಮುಂದೆ ಇಂಟೆಲ್‌ಗೆ ಐ915 ಅಥವಾ ಎಕ್ಸ್‌ಇ, ಎಎಂಡಿಗೆ ಎಎಂಡಿಜಿಪಿಯು ಅಥವಾ ರೇಡಿಯಾನ್, ಎನ್‌ವಿಡಿಯಾಕ್ಕೆ ಎನ್‌ವಿಡಿಯಾ ಅಥವಾ ನೂವೋ ಎಂದಿರಬೇಕು. ಆ ಸಾಲೇ ಇಲ್ಲದಿದ್ದರೆ ಕಾರ್ಡ್ ಕೆಲಸ ಮಾಡುತ್ತಿಲ್ಲ.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳು

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಜೊತೆಗೆ ಎನ್‌ವಿಡಿಯಾ ಇರುವುದು ಸಾಮಾನ್ಯ. ಉಬುಂಟು, ಮಿಂಟ್‌ಗಳಲ್ಲಿ ಡ್ರೈವರ್ ಹಾಕಿದ ಮೇಲೆ ಮೂರು ಆಯ್ಕೆಗಳು ಸಿಗುತ್ತವೆ: ಇಂಟೆಲ್ ಮಾತ್ರ, ಎನ್‌ವಿಡಿಯಾ ಮಾತ್ರ, ಮತ್ತು ಆನ್ ಡಿಮ್ಯಾಂಡ್. ಮೂರನೆಯದನ್ನೇ ಇಟ್ಟುಕೊಳ್ಳಿ, ಪರದೆಯನ್ನು ಒಳಗಿನ ಗ್ರಾಫಿಕ್ಸ್ ನೋಡಿಕೊಳ್ಳುತ್ತದೆ, ಕೇಳಿದ ತಂತ್ರಾಂಶಕ್ಕೆ ಮಾತ್ರ ಎನ್‌ವಿಡಿಯಾ ಎದ್ದು ಬರುತ್ತದೆ, ಬ್ಯಾಟರಿ ಉಳಿಯುತ್ತದೆ. ಇಂಟೆಲ್ ಮಾತ್ರ ಎಂದು ಬದಲಿಸುವವರು ಒಂದು ವಿಷಯ ತಿಳಿದಿರಬೇಕು: ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ಎನ್‌ವಿಡಿಯಾ ಚಿಪ್‌ಗೇ ಹೋಗಿರುತ್ತದೆ, ಆದ್ದರಿಂದ ಸೆಮಿನಾರ್ ದಿನ ಪ್ರೊಜೆಕ್ಟರ್‌ನಲ್ಲಿ ಏನೂ ಕಾಣುವುದಿಲ್ಲ. ಯಂತ್ರಕಲಿಕೆಯ ಪ್ರಾಜೆಕ್ಟ್‌ಗಾಗಿ ಕೂಡಾ (CUDA) ಎಂಬ ಎನ್‌ವಿಡಿಯಾದ ಲೆಕ್ಕಾಚಾರ ವ್ಯವಸ್ಥೆ ಬೇಕೆನ್ನುವವರಿಗೆ ನೂವೋ ಸಾಲದು, ಕಂಪನಿಯ ಡ್ರೈವರ್ ಬೇಕೇ ಬೇಕು.

ಹೊಸ ಕಾರ್ಡ್ ಕೊಳ್ಳುವ ಯೋಚನೆಯಿದ್ದರೆ

ಕಚೇರಿ ಕೆಲಸಕ್ಕೆ ಕೊಳ್ಳಲೇಬೇಡಿ. ಆ ಹಣದಲ್ಲಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಕಿಸಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಳಗಿನ ಗ್ರಾಫಿಕ್ಸ್ ಇಲ್ಲದ ಯಂತ್ರಕ್ಕೆ ಬೇಕೇ ಆದರೆ ಬಳಸಿದ ಆರ್‌ಎಕ್ಸ್ 550 ಒಳ್ಳೆಯದು. ಸುಮಾರು 50 ವ್ಯಾಟ್‌ನಲ್ಲಿ ನಡೆಯುವುದರಿಂದ ಮದರ್‌ಬೋರ್ಡಿನ ವಿದ್ಯುತ್ತೇ ಸಾಕಾಗುತ್ತದೆ, ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಡಬ್ಬಿ) ಬದಲಿಸುವ ಖರ್ಚು ಬರುವುದಿಲ್ಲ. ಕೂಡಾ (CUDA) ಬೇಕಾದವರು ಜಿಟಿಎಕ್ಸ್ 1650ಕ್ಕಿಂತ ಹಿಂದಿನದಕ್ಕೆ ಹೋಗಬೇಡಿ. ಜಿಟಿ 710, ಜಿಟಿ 730 ಎಷ್ಟೇ ಅಗ್ಗವಾಗಿ ಸಿಕ್ಕರೂ ಲಿನಕ್ಸ್‌ಗೆಂದು ಕೊಳ್ಳಬಾರದು. ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದ್ದರೆ ಕಾರ್ಡಿನ ಕಿಂಡಿಗಳನ್ನೂ ನೋಡಿಕೊಳ್ಳಿ, ಹೊಸ ಕಾರ್ಡ್‌ಗಳಲ್ಲಿ ಅದು ಇರುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಲಿನಕ್ಸ್ ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಹಣ ಕೊಡುವ ಮುನ್ನ ಅಂಗಡಿಯ ಯಂತ್ರದಲ್ಲೇ ಕಾರ್ಡ್ ಹಾಕಿಸಿ ಬೂಟ್ ಮಾಡಿಸಿ, ಮೇಲೆ ಹೇಳಿದ ಚಿಪ್ ಗುರುತನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಒಪ್ಪದ ಅಂಗಡಿಯಲ್ಲಿ ಬಳಸಿದ ಕಾರ್ಡ್ ಕೊಳ್ಳಬೇಡಿ.

ಕರ್ನಲ್ ತಿದ್ದುಪಡಿಗಳ ವಿಷಯ

ಇಂಟೆಲ್, ಎಎಂಡಿ ಇರುವವರು ಬಂದ ತಿದ್ದುಪಡಿಗಳನ್ನೆಲ್ಲ ಹಾಕಿಕೊಳ್ಳುತ್ತಾ ಹೋಗಬಹುದು. ಎನ್‌ವಿಡಿಯಾದ ಡ್ರೈವರ್ ಮಾತ್ರ ಪ್ರತಿ ಹೊಸ ಕರ್ನಲ್‌ಗೂ ಹೊಂದಬೇಕು. ಬೆಂಬಲ ಮುಗಿದ 470ರಂಥವು ಹೊಸ ಕರ್ನಲ್‌ನೊಂದಿಗೆ ಜೋಡಣೆಯೇ ಆಗದೆ ನಿಲ್ಲಬಹುದು. ಅಂಥವರು ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ವ್ಯೂ ಪಟ್ಟಿಯ ಲಿನಕ್ಸ್ ಕರ್ನಲ್ಸ್ ತೆರೆದು, ಈಗ ಸರಿಯಾಗಿ ನಡೆಯುತ್ತಿರುವ ಸರಣಿಯಲ್ಲೇ ಉಳಿಯಿರಿ. ಆ ಸರಣಿಗೆ ಬೆಂಬಲ ಇರುವವರೆಗೆ ಅದರ ಭದ್ರತಾ ತಿದ್ದುಪಡಿಗಳು ಬರುತ್ತವೆ. ಹಿಂದಿನ ಒಂದು ಕರ್ನಲನ್ನು ಅಳಿಸದೆ ಉಳಿಸಿಕೊಳ್ಳಿ. ಒಂದು ಬೆಳಿಗ್ಗೆ ತಿದ್ದುಪಡಿಯ ನಂತರ ಪರದೆ ಬಾರದಿದ್ದರೆ, ಗ್ರಬ್ ಪಟ್ಟಿಯಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್ ತೆರೆದು ಆ ಹಿಂದಿನ ಕರ್ನಲ್ ಆರಿಸಿದರೆ ಯಂತ್ರ ಮೊದಲಿನಂತೆ ಮೇಲೇಳುತ್ತದೆ. ಅಂದಿನ ಕೆಲಸ ಮುಗಿಸಿಕೊಂಡು, ಕೆಟ್ಟ ಕರ್ನಲನ್ನು ಸಂಜೆ ಬಿಡುವಾಗಿ ತೆಗೆಯಬಹುದು.